ಕ್ಯಾಪ್ಟನ್ ನೆಮೊ: ಬಿಡುಗಡೆಯ ವೀರ, ಬಂದಿಗಳ ಒಡೆಯ

ಸಾಹಸ ಕಾದಂಬರಿಗಳ ರೊಮ್ಯಾಂಟಿಕ್ ನಾಯಕ ಹೇಗಿರುತ್ತಾನೆ ಎಂಬುದನ್ನು ಕವಿ ಬೈರನ್ ಮೊದಲೇ ರೂಪಿಸಿ ಇಟ್ಟಿದ್ದ. 1814ರ 'ದಿ ಕೋರ್ಸೇರ್' ಕಾವ್ಯದ ಕಡಲ್ಗಳ್ಳನಲ್ಲಿ ಆ ಗುಣಗಳೆಲ್ಲ ಇವೆ: ಅಭಿಮಾನಧನ, ಒಂಟಿ, ಸಮಾಜಕ್ಕೆ ಬೆನ್ನು ಹಾಕಿದವನು, ತನ್ನ ಕಾನೂನನ್ನು ತಾನೇ ಬರೆದುಕೊಂಡವನು. ಜೂಲ್ಸ್ ವರ್ನ್ ಇಂಥವನಿಗೆ ವಿಜ್ಞಾನದ ವಿದ್ಯೆ ಕಲಿಸಿ, ಜಲಾಂತರ್ಗಾಮಿ ಹಡಗೊಂದನ್ನು ಕೊಟ್ಟು ಕಡಲಾಳಕ್ಕೆ ಇಳಿಸಿದ. 1869–70ರಲ್ಲಿ ಧಾರಾವಾಹಿಯಾಗಿ ಬಂದ 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' ಕಾದಂಬರಿಯ ಕ್ಯಾಪ್ಟನ್ ನೆಮೊ ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಪಾತ್ರ. ಅವನನ್ನು ಮೆಚ್ಚುತ್ತಲೇ ಒಪ್ಪದಿರುವುದನ್ನು ಕಾದಂಬರಿ ನಮಗೆ ಕಲಿಸುತ್ತದೆ ಎಂಬುದೇ ಅದಕ್ಕೆ ಕಾರಣ.

ಮೆಚ್ಚಲು ಏನು ಕಡಿಮೆ? ಅವನ ಹಡಗು ನಾಟಿಲಸ್‌ನಲ್ಲಿ ಹನ್ನೆರಡು ಸಾವಿರ ಪುಸ್ತಕಗಳಿವೆ, ಒಳ್ಳೊಳ್ಳೆಯ ಚಿತ್ರಗಳಿವೆ, ನೆಮೊ ಏಕಾಂತದಲ್ಲಿ ನುಡಿಸುವ ಆರ್ಗನ್ ಇದೆ. ಅವನ ಕೋಣೆಯ ಗೋಡೆಯ ಮೇಲಿನ ಚಿತ್ರಗಳಲ್ಲಿ ಬಿಡುಗಡೆಗಾಗಿ ಹೋರಾಡಿದ ಪೋಲೆಂಡಿನ ಕೊಸ್ಸಿಯುಸ್ಕೊ, ಅಮೆರಿಕದ ವಾಷಿಂಗ್ಟನ್, ಲಿಂಕನ್, ಜಾನ್ ಬ್ರೌನ್ ಇದ್ದಾರೆ. ವೀಗೊ ಕೊಲ್ಲಿಯಲ್ಲಿ ಮುಳುಗಿದ ಸ್ಪೇನಿನ ಹಡಗುಗಳ ಸಂಪತ್ತನ್ನು ಎತ್ತಿ ತರುವ ಈತ, ದಂಗೆಯೆದ್ದ ಕ್ರೀಟ್ ದ್ವೀಪದವರಿಗೆ ಚಿನ್ನ ಕಳಿಸುತ್ತಾನೆ. ಸಿಲೋನಿನ ಕಡಲಲ್ಲಿ ಮುತ್ತು ಹೆಕ್ಕುವ ಬಡವನೊಬ್ಬನ ಮೇಲೆ ಶಾರ್ಕ್ ಎರಗಿದಾಗ ಬರೀ ಕಠಾರಿ ಹಿಡಿದು ಅದರ ಎದುರು ನಿಲ್ಲುತ್ತಾನೆ.

ಆದರೆ ಆ ಶಾರ್ಕನ್ನು ಕೊನೆಗೆ ಕೊಂದು ನೆಮೊನನ್ನು ಉಳಿಸಿದವನು ನೆಡ್ ಲ್ಯಾಂಡ್. ಕೆನಡಾದ ಈ ಈಟಿಗಾರ, ಪ್ರೊಫೆಸರ್ ಆರೋನಾಕ್ಸ್ ಮತ್ತು ಅವನ ಸೇವಕ ಕಾನ್ಸೀಲ್ ಜೊತೆಗೆ, ಅದೇ ಹಡಗಿನ ಬಂದಿ. ನೆಮೊ ಆ ಪ್ರಾಣಋಣವನ್ನು ಮುಂದೆ ತೀರಿಸುತ್ತಾನೆ, ಬಿಡುಗಡೆ ಮಾತ್ರ ಕೊಡುವುದಿಲ್ಲ. ಇಡೀ ಲೋಕದ ದಾಸ್ಯಕ್ಕೆ ಕುದಿಯುವವನು ತನ್ನ ಹಡಗಿನ ಮೂವರನ್ನು ಸಾಯುವವರೆಗೂ ಹೊರಗೆ ಬಿಡೆನೆಂದು ಮೊದಲೇ ಹೇಳಿಬಿಟ್ಟಿದ್ದಾನೆ. ಅವನ ನಾವಿಕರಿಗೆ ಕಥೆಯಲ್ಲಿ ಹೆಸರಿಲ್ಲ, ಮುಖವಿಲ್ಲ. ಅವರು ತಮ್ಮೊಳಗೆ ಆಡುವ ಭಾಷೆ ನಿರೂಪಕನಿಗೆ ತಿಳಿಯದು. ರೊಮ್ಯಾಂಟಿಕ್ ನಾಯಕನ ದೊಡ್ಡ ದೋಷ ಇದೇ: ಅವನ ಸುತ್ತ ಅನುಯಾಯಿಗಳಿಗೆ ಜಾಗವಿದೆ, ಸಮಾನರಿಗಿಲ್ಲ.

ಇದು ಓದುಗನಿಗೆ ತಡವಾಗಿ ಹೊಳೆಯುತ್ತದೆ. ಕಥೆ ಹೇಳುವ ಆರೋನಾಕ್ಸ್ ವಿದ್ವಾಂಸ. ಪುಸ್ತಕ ಮತ್ತು ಕಡಲಿನ ಅಚ್ಚರಿಗಳು ಸಿಕ್ಕಿದ್ದೇ ಅವನಿಗೆ ಸೆರೆಯೂ ಹಿತವಾಗಿಬಿಡುತ್ತದೆ. ಓಡಿಹೋಗೋಣವೆಂದು ಪೀಡಿಸುವ ನೆಡ್ ಒರಟನಂತೆ ಕಾಣುತ್ತಾನೆ. ಕೊನೆಕೊನೆಗೆ ನಾಟಿಲಸ್ ಯುದ್ಧನೌಕೆಯೊಂದನ್ನು ಸೀಳಿಕೊಂಡು ಹೋಗುತ್ತದೆ. ಅದರಲ್ಲಿದ್ದವರು ಮುಳುಗಿ ಸಾಯುವುದನ್ನು ನೆಮೊ ನಿಂತು ನೋಡುತ್ತಾನೆ. ಆಮೇಲೆ ಕೋಣೆಗೆ ಹೋಗಿ ಒಬ್ಬ ಹೆಂಗಸು ಮತ್ತು ಇಬ್ಬರು ಮಕ್ಕಳ ಚಿತ್ರದ ಮುಂದೆ ಮೊಣಕಾಲೂರಿ ಅಳುತ್ತಾನೆ. ಸಾಮಾನ್ಯ ಲೇಖಕನಾಗಿದ್ದರೆ ಆ ಕಣ್ಣೀರಿನಲ್ಲಿ ರಕ್ತವನ್ನು ತೊಳೆದುಬಿಡುತ್ತಿದ್ದ. ವರ್ನ್ ಹಾಗೆ ಮಾಡಲಿಲ್ಲ. ನೆಮೊನ ದುಃಖ ನಿಜ ಎಂದು ಬಲ್ಲ ಆರೋನಾಕ್ಸ್, ನೆಡ್‌ನೊಂದಿಗೆ ಓಡಿಹೋಗಲು ಒಪ್ಪುತ್ತಾನೆ. ಕಾದಂಬರಿಯ ನೈತಿಕ ಎತ್ತರ ಇರುವುದು ಈ ನಿರ್ಧಾರದಲ್ಲಿ.

ನೆಮೊನ ಗಾಯದ ಮೂಲ ಮೊದಲ ಕಾದಂಬರಿಯಲ್ಲಿ ತಿಳಿಯುವುದಿಲ್ಲ. ರಷ್ಯನ್ನರಿಂದ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನವನನ್ನಾಗಿ ಅವನನ್ನು ಚಿತ್ರಿಸಲು ವರ್ನ್ ಬಯಸಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ಮುಂದೆ 1874–75ರ 'ದಿ ಮಿಸ್ಟೀರಿಯಸ್ ಐಲ್ಯಾಂಡ್'ನಲ್ಲಿ ಆತ ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನಿಗೆ ಸಂಬಂಧದಲ್ಲಿ ಸೋದರಳಿಯ, 1857ರ ದಂಗೆಯಲ್ಲಿ ಕಾದಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು ಎಂದು ಗೊತ್ತಾಗುತ್ತದೆ. ಟಿಪ್ಪುವಿನ ಹೆಸರು ಹೀಗೆ ಫ್ರೆಂಚ್ ಸಾಹಸಕಥೆಯೊಳಗೆ ನುಸುಳಿದ್ದು ಕಂಡು ನಮಗೆ ರೋಮಾಂಚನವಾಗುವುದು ಸಹಜ. ಈ ನಂಟಸ್ತಿಕೆ ಚರಿತ್ರೆಯಲ್ಲ, ವರ್ನ್‌ನ ಕಲ್ಪನೆ. ಆದರೂ ಯುರೋಪಿನ ಜನಪ್ರಿಯ ಲೇಖಕನೊಬ್ಬ ಆ ಕಾಲದಲ್ಲೇ ತನ್ನ ಅತ್ಯಂತ ಮೇಧಾವಿ ಪಾತ್ರವನ್ನು ಬ್ರಿಟಿಷರ ವಿರುದ್ಧ ಬಂಡೆದ್ದ ಭಾರತೀಯನನ್ನಾಗಿಸಿದ್ದು ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಆ ಎರಡನೆಯ ಕಾದಂಬರಿ ಕೊಡುವ ತೀರ್ಪಿನ ಬಗ್ಗೆ. ಸಾಯುವ ಹೊತ್ತಿಗೆ ನೆಮೊ, ತಾನು ಮಾಡಿದ್ದು ತಪ್ಪೋ ಸರಿಯೋ ಎಂದು ಕೇಳುತ್ತಾನೆ. ಕಳೆದುಹೋದ ಕಾಲವನ್ನು ಮರಳಿ ತರಲು ಹೊರಟು ಪ್ರಗತಿಯ ವಿರುದ್ಧ ಹೋರಾಡಿದ್ದೇ ನಿಮ್ಮ ತಪ್ಪು ಎಂಬರ್ಥದಲ್ಲಿ ಆ ಕಾದಂಬರಿಯ ಎಂಜಿನಿಯರ್ ಸೈರಸ್ ಸ್ಮಿತ್ ಉತ್ತರಿಸುತ್ತಾನೆ. ಸಾಮ್ರಾಜ್ಯವನ್ನೇ ಪ್ರಗತಿಯೆಂದು ಎಣಿಸುವ ಈ ಮಾತನ್ನು ನಾವು ಒಪ್ಪಬೇಕಾಗಿಲ್ಲ. ಸಾಮ್ರಾಜ್ಯವನ್ನು ಎದುರಿಸಿದ್ದು ನೆಮೊನ ತಪ್ಪಲ್ಲ. ತಾನು ಬೇಡಿದ ಬಿಡುಗಡೆಯನ್ನು ನೆಡ್ ಲ್ಯಾಂಡ್‌ಗೆ ಕೊಡದೆ ಹೋದದ್ದು ತಪ್ಪು. ಈ ತಪ್ಪನ್ನು ಮೊದಲ ಕಾದಂಬರಿ ಎತ್ತಿ ತೋರಿಸಿತು, ಎರಡನೆಯದು ಮರೆತಿತು. ಆದ್ದರಿಂದ ಮೊದಲನೆಯದೇ ದೊಡ್ಡ ಕೃತಿ. ಬಾಲ್ಯದಲ್ಲಿ ಅದನ್ನು ನೆಮೊನಿಗಾಗಿ ಓದಿದವರು, ಈಗೊಮ್ಮೆ ನೆಡ್ ಲ್ಯಾಂಡ್‌ನ ಮಾತಿಗೆ ಕಿವಿಗೊಟ್ಟು ಓದಬೇಕು.