ಬಣ್ಣದ ವೇಷವೂ ಅನ್ಯಗ್ರಹದ ಅತಿಥಿಯೂ

2003ರಲ್ಲಿ ತೆರೆಕಂಡ ರಾಕೇಶ್ ರೋಶನ್ ಅವರ ‘ಕೋಯಿ... ಮಿಲ್ ಗಯಾ’ ಚಿತ್ರದ ‘ಜಾದೂ’ವನ್ನು ಬಲ್ಲವರು ಅಸಂಖ್ಯ, ಆ ನೀಲಿ ಚರ್ಮದೊಳಗಿದ್ದ ಇಂದ್ರವದನ ಪುರೋಹಿತರನ್ನು ಬಲ್ಲವರು ವಿರಳ. ಮುಂಬಯಿಯಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತ ಬಂದ ಈ ಗಿಡ್ಡ ಮೈಕಟ್ಟಿನ ನಟರನ್ನು ಕುರಿತು ವಿಮರ್ಶೆ ಏನನ್ನು ಹೇಳಬಲ್ಲದು ಎಂಬುದು ಇಲ್ಲಿ ನಮ್ಮ ಪ್ರಶ್ನೆ.

ಅಮೆರಿಕದ ದೂರದರ್ಶನದಲ್ಲಿ ಇಂಥ ನಟರಿಗೆ ಒಂದು ವೃತ್ತಿಮಾರ್ಗವೇ ಇದ್ದಿತು. ‘ಸ್ಟಾರ್ ಟ್ರೆಕ್’ನಲ್ಲಿ ರೋಮ್ಯುಲನ್ ಅಧಿಕಾರಿಯಾಗಿದ್ದ ಆಂಡ್ರಿಯಾಸ್ ಕ್ಯಾಟ್ಸುಲಾಸ್ ‘ಬ್ಯಾಬಿಲಾನ್ 5’ರಲ್ಲಿ ಗ'ಕಾರ್ ಆಗಿ ಹಲವು ವರ್ಷ ಬೆಳೆದರು, ದಪ್ಪ ಲೇಪದ ಹಿಂದೆಯೂ ಅವರ ಧ್ವನಿ ಅವರದೇ ಆಗಿತ್ತು. ಮುಂಬಯಿಯಲ್ಲಿ ‘ಸ್ಪೇಸ್ ಸಿಟಿ ಸಿಗ್ಮಾ’, 1998ರ ‘ಕ್ಯಾಪ್ಟನ್ ವ್ಯೋಮ್’ ಮೊದಲಾದವು ಬಂದುಹೋದವೇ ಹೊರತು ಪರಂಪರೆಯಾಗಲಿಲ್ಲ. ಹಾಗಾಗಿ ಇಲ್ಲಿಯ ನಟನಿಗೆ ಅನ್ಯಗ್ರಹ ಒಂದು ಸಲದ ಪ್ರಯಾಣ.

ಮಧ್ಯಕಾಲೀನ ಕಾವ್ಯಗಳ ಓದಿನಿಂದ ಬಂದ ನಮಗೆ ಖೇಚರರು ಹೊಸಬರಲ್ಲ. ಪಂಪನ ‘ಆದಿಪುರಾಣ’ದ ಮಹಾಬಲ ವಿದ್ಯಾಧರ, ಆಕಾಶಗಾಮಿಯಾದರೂ ಮನುಷ್ಯರಂತೆಯೇ ಭೋಗಕ್ಕೂ ಕರ್ಮಕ್ಕೂ ಒಳಗಾದವನು. ಅವನ ಅನ್ಯತೆ ಚರ್ಮದಲ್ಲಿಲ್ಲ. ಜಾದೂವಿನ ಅನ್ಯತೆಯಾದರೋ ಪೂರ್ತಿ ಚರ್ಮದಲ್ಲಿಯೇ ಇದೆ, ಆ ಚರ್ಮವನ್ನು ರೂಪಿಸಿದವರು ಆಸ್ಟ್ರೇಲಿಯಾದ ಜೇಮ್ಸ್ ಕೋಲ್ಮರ್. ನಟನಿಗೆ ಉಳಿದುದು ನಡಿಗೆ, ಕತ್ತಿನ ಓಲಾಟ, ಕೈಯ ಅಳುಕು ಮಾತ್ರ. ಬಿಸಿಲಿಗೆ ಹಾತೊರೆಯುವ ಸಂದರ್ಭಗಳಲ್ಲಿ ಈ ಅಳುಕು ಮಗುವಿನದೂ ಮುದುಕನದೂ ಆಗಿ ಒಟ್ಟಿಗೆ ಕಾಣುತ್ತದೆ. ಇದು ತಂತ್ರದ ಫಲವೆಂದು ನಾವು ಒಪ್ಪಲಾರೆವು.

ಆದರೆ ಆ ಕೈಯೂ ನಟನದಲ್ಲ. ನಾಯಕ ಹೃತಿಕ್ ರೋಶನ್ ಅವರ ಬಲಗೈಯ ಜೋಡಿ ಹೆಬ್ಬೆರಳನ್ನೇ ಜಾದೂವಿಗೂ ಇರಿಸಲಾಗಿದೆ. ಕಥೆಯಲ್ಲಿ ಅದು ಬಾಂಧವ್ಯದ ಗುರುತು. ತಾರಾವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ, ಮುಖವಾಡವೂ ನಾಯಕನ ದೇಹದ ವಿಸ್ತರಣೆ. ಆ ವರ್ಷದ ಫಿಲಂಫೇರ್ ಶ್ರೇಷ್ಠ ನಟ ಪ್ರಶಸ್ತಿ ಹೃತಿಕರಿಗೆ ಸಂದಿತು. ಅವರ ಅಭಿನಯದ ಅರ್ಧ ಭಾಗ ಎದುರಿಗಿದ್ದ ಈ ಮೌನಿಯನ್ನು ಆಧರಿಸಿ ನಿಂತದ್ದು.

ಅದೇ ಮಹಾನಗರದ ಕುರ್ಲಾದಲ್ಲಿ, ಸಾಂತಾಕ್ರೂಜ್‌ನಲ್ಲಿ ಕರಾವಳಿಯ ಕನ್ನಡಿಗರು, ತುಳುವರು ಯಕ್ಷಗಾನ ಆಡಿಸುತ್ತಾರೆ. ಅಲ್ಲಿಯ ಬಣ್ಣದ ವೇಷಧಾರಿ ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು ತನ್ನ ಮುಖವನ್ನು ಪೂರ್ತಿ ಅಳಿಸಿಕೊಂಡೇ ರಂಗಕ್ಕೆ ಬರುವುದು. ಆದರೂ ಇಂದಿನ ರಾವಣ ಯಾರದು ಎಂದು ಪ್ರೇಕ್ಷಕರು ಮೊದಲೇ ವಿಚಾರಿಸಿರುತ್ತಾರೆ. ವೇಷ ದೊಡ್ಡದಾದಷ್ಟೂ ಹೆಸರು ದೊಡ್ಡದು. ಸಿನಿಮಾದಲ್ಲಿ ಇದು ತಿರುಗುಮುರುಗಾದುದಕ್ಕೆ ಕಾರಣ ಮುಖವಾಡವಲ್ಲ, ಮುಖವನ್ನು ಮಾತ್ರ ಅಭಿನಯವೆಂದು ಎಣಿಸುವ ನಮ್ಮ ವಿಮರ್ಶೆ.

ಪುರೋಹಿತರು ಮುಂದೆ ಸಬ್ ವಾಹಿನಿಯ ‘ಬಾಲ್‌ವೀರ್’ ಎಂಬ ಮಕ್ಕಳ ಧಾರಾವಾಹಿಯಲ್ಲಿ ಡೂಬಾ ಡೂಬಾ ಪಾತ್ರ ಮಾಡಿದರು, 2014ರಲ್ಲಿ ತೀರಿಕೊಂಡರು. ಆ ಧಾರಾವಾಹಿಯ ಕಂತುಗಳನ್ನು ಚಿತ್ರದೊಡನೆ ಇಟ್ಟು ನೋಡಿದವರಿಗೆ, ನೀಲಿ ಚರ್ಮದೊಳಗೆ ನಡೆದವನ ಹೆಜ್ಜೆಯನ್ನು ಮುಖಸಮೇತ ಗುರುತಿಸುವ ಅವಕಾಶವಿದೆ.