ಇಪ್ಪತ್ತೇಳು ಪ್ರಶ್ನೆಗಳ ಅತಿಕೀರ್ತಿ

ಜೂಜುಕೋರರ ಆತುರವನ್ನು ಅಳೆಯಬೇಕೆಂದರೆ ಮನಃಶಾಸ್ತ್ರಜ್ಞರ ಕೈ ಮೊದಲು ಹೋಗುವುದು ಕರ್ಬಿ ಮತ್ತು ಸಂಗಡಿಗರ 27 ಪ್ರಶ್ನೆಗಳ ಪಟ್ಟಿಗೆ. 1999ರಲ್ಲಿ ಹೆರಾಯಿನ್ ವ್ಯಸನಿಗಳ ಅಧ್ಯಯನದೊಂದಿಗೆ ಬಂದ ಇದು ಜೂಜಿನ ಸಂಶೋಧನೆಗೂ ಹಬ್ಬಿತು. ಉತ್ತರಗಳನ್ನೆಲ್ಲ ಹಿಂಡಿದರೆ ‘ಕೆ’ ಎಂಬ ಒಂದು ಸಂಖ್ಯೆ. ಅದು ದೊಡ್ಡದಾದಷ್ಟೂ ಕಾಯುವ ತಾಳ್ಮೆ ಕಡಿಮೆ. ಕೆಲವೇ ನಿಮಿಷಗಳ ಕೆಲಸ, ಅನುಕೂಲವೇನೋ ಹೌದು. ಸಿಕ್ಕಿರುವ ಕೀರ್ತಿ ಮಾತ್ರ ಅತಿಯಾಯಿತು.

ಮೊದಲ ಪ್ರಶ್ನೆ: ಇವತ್ತೇ 54 ಡಾಲರ್ ಬೇಕೋ, 117 ದಿನ ಬಿಟ್ಟು 55 ಡಾಲರೋ? ಒಂದು ಡಾಲರಿಗೆ ನಾಲ್ಕು ತಿಂಗಳು ಯಾರು ಕಾದಾರು! ನಾಲ್ಕನೆಯದರಲ್ಲಿ ಇವತ್ತಾದರೆ 31, ಏಳು ದಿನ ತಡೆದರೆ 85. ಇಲ್ಲೂ 31 ಎಂದವನನ್ನು ಪಟ್ಟಿ ಕಡು ಆತುರಗಾರರ ಸಾಲಿಗೆ ತಳ್ಳುತ್ತದೆ. ಆಟದಲ್ಲಿ ಸೋತು ಕೈಸಾಲ ಮಾಡಿಕೊಂಡವನ ಬಾಗಿಲಿಗೆ ಸಾಲ ಕೊಟ್ಟವನು ಸಂಜೆಗೇ ಬರುವುದಿದ್ದರೆ? ಅವನ 31 ಸ್ವಭಾವದ್ದಲ್ಲ, ಆ ಸಂಜೆಯದು. ಕೊಡುತ್ತೇನೆಂದವರು ಕೈಕೊಟ್ಟಾರು ಎಂಬ ಅನುಮಾನವೂ ಅದೇ 31ಕ್ಕೆ ಗುರುತು ಹಾಕಿಸುತ್ತದೆ. ಚಪಲ, ತುರ್ತು, ಅಪನಂಬಿಕೆ, ಮೂರಕ್ಕೂ ಒಂದೇ ಅಂಕ. ಆತುರದಿಂದ ಜೂಜು ಹುಟ್ಟಿತೋ, ಜೂಜಿನ ಸಾಲದಿಂದ ಆತುರ ಹುಟ್ಟಿತೋ ಎಂದು ವಿಚಾರಿಸುವ ದಾರಿಯೇ ಇಲ್ಲಿ ಮುಚ್ಚಿದೆ.

2006ರಲ್ಲಿ ಡಿಕ್ಸನ್ ತಂಡ ಇಂಥವೇ ಆಯ್ಕೆಗಳನ್ನು ಒಂದೇ ಗುಂಪಿನ ಜೂಜುಕೋರರ ಮುಂದೆ ಬಾಜಿ ಕಟ್ಟುವ ಜಾಗದಲ್ಲೂ ಅದರ ಹೊರಗೂ ಇಟ್ಟಿತು. ಬಹುಪಾಲು ಮಂದಿ ಬಾಜಿಯ ಜಾಗದಲ್ಲೇ ಹೆಚ್ಚು ಆತುರಪಟ್ಟರು. ಆಳು ಒಬ್ಬನೇ, ಸಂಖ್ಯೆ ಎರಡು! ಜೂಜುರೋಗಿಗಳಲ್ಲಿ ಆತುರ ಹೆಚ್ಚೆಂದು ನ್ಯಾನ್ಸಿ ಪೆಟ್ರಿ 2001ರಲ್ಲಿ ತೋರಿಸಿದ್ದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಆ ವ್ಯತ್ಯಾಸ ಎಲ್ಲಿಂದ ಬಂತೆಂದು ಸಂಖ್ಯೆ ಹೇಳುವುದಿಲ್ಲ.

ಡಾಲರುಗಳು ಕಾಲ್ಪನಿಕ ಎಂದು ಮೂಗು ಮುರಿಯುವ ವಿಮರ್ಶಕರ ತಕರಾರು ಹುಸಿ. ನಿಜವಾದ ಹಣ ಕೊಟ್ಟಾಗಲೂ ಉತ್ತರ ಹೆಚ್ಚೇನೂ ಬದಲಾಗಿಲ್ಲ. ಅವರಿಗಿಂತ ನನಗೆ ಸಿಟ್ಟು ಅಂಕಣಕಾರರ ಮೇಲೆ. ಜೂಜಿನ ಮಾತು ಬಂದರೆ ಸಾಕು, ಈಗ ತಿಂದರೆ ಒಂದು, ಕಾದರೆ ಎರಡು ಎಂದು ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಮಾರ್ಷ್‌ಮ್ಯಾಲೊ ಮಿಠಾಯಿ ಇಟ್ಟು ಪರೀಕ್ಷಿಸಿದ ಮಕ್ಕಳನ್ನು ಎಳೆತಂದು, ಮಿಠಾಯಿಗೆ ಕಾಯದ ಮಗು ಮುಂದೆ ಕೆಟ್ಟಿತೆಂದು ಭವಿಷ್ಯ ನುಡಿಯುತ್ತಾರೆ. 2018ರಲ್ಲಿ ವಾಟ್ಸ್ ಮತ್ತು ಸಂಗಡಿಗರು ಮನೆಯ ಹಿನ್ನೆಲೆಯನ್ನೂ ಲೆಕ್ಕಕ್ಕೆ ಹಿಡಿದಾಗ ಆ ಭವಿಷ್ಯದ ಬಹುಪಾಲು ಕರಗಿತ್ತು. ಇವರು ಅದನ್ನು ಓದಿಲ್ಲವೋ, ಓದಿಯೂ ನುಂಗಿಕೊಂಡರೋ!

ಗುಂಪುಗಳನ್ನು ಹೋಲಿಸಲು ಈ ಪಟ್ಟಿ ಇರಲಿ. ಎದುರಿಗೆ ಕುಳಿತ ಒಬ್ಬ ಜೂಜುಕೋರನ ಸಾಲವೆಷ್ಟು, ಯಾವತ್ತು ತೀರಿಸಬೇಕು ಎಂದು ಕೇಳದೆ ಅವನ ಕಡತದಲ್ಲಿ ‘ಕೆ’ ಬರೆಯುವುದು ಬೇಜವಾಬ್ದಾರಿ.