ಗಾಡಿಯ ಮುಂದೆ ನಿಂತೇ ತಿನ್ನಬೇಕು

ಕಲಸಿದ ಚುರುಮುರಿಗೆ ಆಯಸ್ಸು ನಾಲ್ಕು ನಿಮಿಷ. ಐದನೆಯ ನಿಮಿಷಕ್ಕೆ ಟೊಮೆಟೊ ನೀರು ಬಿಟ್ಟಿರುತ್ತದೆ, ಪುರಿ ಆ ನೀರನ್ನು ಕುಡಿದು ಮೆತ್ತಗಾಗಿರುತ್ತದೆ, ಆಮೇಲೆ ತಿನ್ನುವುದೂ ಒಂದೇ ಬಿಡುವುದೂ ಒಂದೇ. ಹಾಗಾಗಿ ಕಳೆದ ಶನಿವಾರ ಸಂಜೆ, ದಾವಣಗೆರೆಯಿಂದ ಬಂದಿದ್ದ ಭಾವ "ಫೋನಲ್ಲೇ ತರಿಸಿಬಿಡಪ್ಪ, ಮನೆಗೇ ಬರುತ್ತಲ್ಲ" ಎಂದಾಗ ನಾನು ಒಪ್ಪಲಿಲ್ಲ. ಒಮ್ಮೆ ಹಾಗೆ ತರಿಸಿ ನೋಡಿದ್ದೆ. ಮುಕ್ಕಾಲು ಗಂಟೆಯ ನಂತರ ಬಾಗಿಲಿಗೆ ಬಂದ ಡಬ್ಬಿಯಲ್ಲಿ ಇದ್ದದ್ದು ಒದ್ದೆ ಮುದ್ದೆ. "ಚಪ್ಪಲಿ ಹಾಕ್ಕೊಳ್ಳಿ ಭಾವ, ಹತ್ತು ನಿಮಿಷದ ದಾರಿ" ಎಂದು ಎಬ್ಬಿಸಿಕೊಂಡು ಹೊರಟೆ. ಅಕ್ಕನಿಗೆ ಮಂಡಿನೋವು, ಅವಳು ಬರಲಿಲ್ಲ.

ಹಗಲಲ್ಲಿ ನೋಡಿದರೆ ಮೈಸೂರಿನ ರಾಮಕೃಷ್ಣನಗರ ಒಂದು ಸದ್ದಿಲ್ಲದ ಬಡಾವಣೆ. ಇಂಗ್ಲಿಷ್ ಅಕ್ಷರಗಳ ಬ್ಲಾಕುಗಳು, ಕಾಂಪೌಂಡಿನೊಳಗೆ ದಾಸವಾಳ, ಗೇಟಿನ ಮುಂದೆ ರಂಗೋಲಿ. ಸಂಜೆ ಆರು ದಾಟಿತೆಂದರೆ ರಸ್ತೆಯ ಬದಿಗೆ ಒಂದೊಂದೇ ಗಾಡಿ ಬಂದು ನಿಲ್ಲುತ್ತದೆ. ಬಲ್ಬು ಹತ್ತುತ್ತದೆ, ಸ್ಟೌ ಉರಿಯತೊಡಗುತ್ತದೆ. ಇದಕ್ಕೆ ಮಾರುಕಟ್ಟೆ ಎಂಬ ಬೋರ್ಡಿಲ್ಲ, ಕಮಾನಿಲ್ಲ. ಆದರೂ ಆಂದೋಲನ ವೃತ್ತದಿಂದ ಪರಮಹಂಸರ ಪ್ರತಿಮೆ ಇರುವ ವೃತ್ತದ ಕಡೆಗೆ ಮೂಗು ತೋರಿದ ದಾರಿಯಲ್ಲಿ ನಡೆದರೆ ಅರ್ಧ ಏಷ್ಯಾವನ್ನು ತಿಂದು ಬರಬಹುದು. ಮಂಡ್ಯ ರಮೇಶರ 'ನಟನ' ರಂಗಶಾಲೆಯೂ ಇದೇ ಬಡಾವಣೆಯಲ್ಲಿದೆ. ಅಲ್ಲಿ ನಾಟಕ ನೋಡಿಕೊಂಡು, ಅದರ ಮಾತಾಡುತ್ತಾ ಗಾಡಿಯ ಮುಂದೆ ನಿಲ್ಲುವುದು ನನಗೆ ಹಳೆಯ ಅಭ್ಯಾಸ.

ಇಂಥ ಸಂಜೆಗೆ ಒಂದು ಕ್ರಮವಿದೆ. ಮೊದಲು ಚುರುಮುರಿ, ಆಮೇಲೆ ಮೋಮೊ, ಗೋಬಿ ಕೊನೆಗೆ. ಸೋಯಾ ಸಾಸು, ಬೆಳ್ಳುಳ್ಳಿ ಒಮ್ಮೆ ನಾಲಗೆಗೆ ಹತ್ತಿದರೆ ಮೋಮೊವಿನ ಒಳಗಿನ ಎಲೆಕೋಸಿನ ಸಿಹಿ ಗೊತ್ತೇ ಆಗುವುದಿಲ್ಲ.

ಚುರುಮುರಿಯವರು ಭಾವನನ್ನು ನೋಡಿ "ಖಾರ ಎಷ್ಟಿರ್ಲಿ ಸಾರ್?" ಎಂದರು. "ನೀವು ತಿನ್ನೋಷ್ಟು" ಎಂದರು ಭಾವ. ದಾವಣಗೆರೆಯವರಿಗೆ ಮಂಡಕ್ಕಿಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ಅಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಬಡಾವಣೆ ಇದೆ. ಕುದಿಸಿ ಒಣಗಿಸಿದ ಭತ್ತದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಚೆನ್ನಾಗಿ ಕಾದ ಮರಳಿಗೆ ಎಸೆಯುತ್ತಾರೆ. ಕಾಳಿನೊಳಗೆ ಉಳಿದ ತೇವ ಆವಿಯಾಗಿ ಹೊರಬರುವ ರಭಸಕ್ಕೆ ಅಕ್ಕಿ ಅರಳಿ ಹಗುರಾಗುತ್ತದೆ. ಮೈತುಂಬ ಸಣ್ಣ ಸಣ್ಣ ತೂತಿರುವ ಈ ಕಾಳು ನೀರು ಕಂಡರೆ ಹೀರದೆ ಬಿಡುವುದಿಲ್ಲ. ನಾಲ್ಕು ನಿಮಿಷದ ಗುಟ್ಟು ಅಲ್ಲಿದೆ. ಹೆಸರಿನ ವಿಷಯದಲ್ಲೂ ನಮ್ಮಿಬ್ಬರಿಗೆ ಸಣ್ಣ ಜಗಳ. ಅವರಿಗೆ ಮಂಡಕ್ಕಿ, ನಮಗೆ ಪುರಿ. ಬಯಲುಸೀಮೆಯ ಇನ್ನೂ ಮೇಲಕ್ಕೆ ಹೋದರೆ ಬರೀ ಕಾಳಿಗೇ ಚುರುಮುರಿ ಎನ್ನುತ್ತಾರೆ. ಬಂಗಾಳದ ಝಾಲ್ ಮುರಿ, ಮುಂಬೈಯ ಭೇಲ್, ಹುಬ್ಬಳ್ಳಿಯ ಗಿರ್ಮಿಟ್ ಎಲ್ಲ ಈ ಕಾಳಿನ ನೆಂಟರೇ.

ಗಾಡಿಯವರ ಕೈ ನೋಡುವುದೇ ಒಂದು ಹಬ್ಬ. ಎಡಗೈಯಲ್ಲಿ ಸ್ಟೀಲ್ ಪಾತ್ರೆ ಓರೆಯಾಗಿ ನಿಂತಿರುತ್ತದೆ. ಮೊದಲು ಈರುಳ್ಳಿ, ತುರಿದ ಕ್ಯಾರೆಟ್, ಕೊತ್ತಂಬರಿ. ಅದಕ್ಕೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ, ಮುಚ್ಚಳಕ್ಕೆ ತೂತು ಹೊಡೆದ ಬಾಟಲಿಯಿಂದ ಒಂದು ಸುತ್ತು ಎಣ್ಣೆ. ಅದನ್ನೆಲ್ಲ ಚಮಚದಲ್ಲಿ ತಿಕ್ಕಿ ತಿಕ್ಕಿ ಒಂದಾಗಿಸುತ್ತಾರೆ. ಈ ಎಣ್ಣೆಯಲ್ಲೇ ಜಾಣತನವಿರುವುದು: ಕಾಳಿಗೆ ನೀರಿಗಿಂತ ಮುಂಚೆ ಎಣ್ಣೆ ಹತ್ತಿದರೆ ಅದು ಒಂದಿಷ್ಟು ಹೊತ್ತು ಗರಿಗರಿ ಉಳಿಯುತ್ತದೆ. ಆಮೇಲೆ ಪುರಿ, ಕಾಂಗ್ರೆಸ್ ಕಡಲೆಕಾಯಿ, ಮುರಿದ ನಿಪ್ಪಟ್ಟು. ಟೊಮೆಟೊ ಮತ್ತು ನಿಂಬೆರಸ ಕಟ್ಟಕಡೆಗೆ. ಮೊದಲೇ ಟೊಮೆಟೊ ಹಾಕುವ ಗಾಡಿಯನ್ನು ನಾನು ದಾಟಿ ಹೋಗುತ್ತೇನೆ. ಪಾತ್ರೆಗೆ ಚಮಚ ತಾಗುವ ಸದ್ದು ಟಣಟಣ ಎಂದು ಹತ್ತು ಸಲ ಕೇಳುತ್ತದೆ, ಪೊಟ್ಟಣ ಕೈಗೆ ಬರುತ್ತದೆ. ಇವರ ಪೊಟ್ಟಣ ಬಿಳಿ ಹಾಳೆಯದು. ಅಚ್ಚಾದ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ, ಅದು ಸರಿಯಾದ ಮಾತು. ಪತ್ರಿಕೆಗೆ ಬರೆಯುವ ನನಗೂ ನನ್ನ ಅಂಕಣದ ಮಸಿ ಯಾರ ಹೊಟ್ಟೆಗೂ ಹೋಗುವುದು ಬೇಡ.

ಭಾವ ಮೊದಲ ತುತ್ತು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿದರು. "ಕ್ಯಾರೆಟ್ ಬೇಕಿರಲಿಲ್ಲ" ಎಂದರು. ಪೊಟ್ಟಣ ಮಾತ್ರ ಕೆಳಗಿಳಿಯಲಿಲ್ಲ.

ಮೋಮೊ ಗಾಡಿಯಲ್ಲಿ ಒಬ್ಬ ಎಳೆಯ ಹುಡುಗ. "ವೆಜ್ಜಾ ಚಿಕನ್ನಾ ಅಣ್ಣ?" ಎನ್ನುವಷ್ಟು ಕನ್ನಡ ಕಲಿತಿದ್ದಾನೆ. ಈಗಿನ ಮಕ್ಕಳಿಗೆ ಮೋಮೊ ಎಂದರೆ ಮೊನ್ನೆ ಮೊನ್ನೆ ಬಂದ ತಿಂಡಿ. ನಮ್ಮ ಜಿಲ್ಲೆಗೆ ಅದು ಅಷ್ಟು ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರ ವಸತಿ ಶುರುವಾದದ್ದು 1961ರಲ್ಲಿ. ಮನೆಮಠ ಬಿಟ್ಟು ಬಂದವರು ಇಲ್ಲಿ ಕಾಡು ಸವರಿ ಜೋಳ ಬೆಳೆದರು, ತಮ್ಮ ಅಡುಗೆಯನ್ನೂ ಉಳಿಸಿಕೊಂಡರು. ಅಲ್ಲಿನ ಮಠದ ಹೊಂಬಣ್ಣದ ಬುದ್ಧನನ್ನು ನೋಡಲು ಹೋದ ಮೈಸೂರಿನವರು ಸುತ್ತಲಿನ ಹೋಟೆಲುಗಳಲ್ಲಿ ಮೋಮೊ, ಥುಕ್ಪಾ ತಿಂದು ಬರುತ್ತಿದ್ದರು. ನಾನು ಮೊದಲು ತಿಂದದ್ದೂ ಅಲ್ಲೇ. ಹಬೆಯಲ್ಲಿ ಬೆಂದ ಹಿಟ್ಟು ನಮಗೆ ಹೊಸದೇನಲ್ಲ. ಕಡುಬು ತಿಂದು ಬೆಳೆದ ಬಾಯಿಗೆ ಮೋಮೊ ಒಗ್ಗಲು ಒಂದು ದಿನವೂ ಬೇಡ.

ಇಲ್ಲೂ ಸಮಯವೇ ರುಚಿ. ಮುಚ್ಚಳ ತೆಗೆದಾಗ ಹಿಟ್ಟಿನ ಹಾಳೆ ಪಾರದರ್ಶಕವಾಗಿ ಹೊಳೆಯುತ್ತಿರಬೇಕು, ಒಳಗಿನ ಹೂರಣದ ಹಸಿರು ತುಸು ಕಾಣಬೇಕು. ಗಾಳಿಗೆ ಇಟ್ಟರೆ ಅಂಚು ಒಣಗಿ ಚರ್ಮದಂತಾಗುತ್ತದೆ. ಆ ಹುಡುಗ ಮಡಿಸಿದ ನೆರಿಗೆಗಳನ್ನು ನಾನು ಎಣಿಸಿದೆ, ಒಂದೊಂದರಲ್ಲಿ ಹದಿನಾಲ್ಕು. ಕೆಂಪು ಚಟ್ನಿಯನ್ನು ಮೊದಲ ಮೋಮೊಗೆ ತಾಗಿಸಬೇಡಿ. ಒಂದನ್ನು ಬರಿದೇ ತಿನ್ನಿ.

ಹುಡುಗ ಕೈ ತೊಳೆಯುತ್ತಿದ್ದದ್ದು ಗಾಡಿಯ ಕೆಳಗಿಟ್ಟ ಇಪ್ಪತ್ತು ಲೀಟರಿನ ಕ್ಯಾನಿನ ನೀರಲ್ಲಿ. ಅದನ್ನು ನೋಡಿದಾಗಲೆಲ್ಲ ನನಗೆ ಸಿಂಗಪುರ ನೆನಪಾಗುತ್ತದೆ. ಅಲ್ಲಿ 1968ರಿಂದ ಬೀದಿ ವ್ಯಾಪಾರಿಗಳ ಹೆಸರು ಬರೆದುಕೊಂಡು, 1986ರ ಹೊತ್ತಿಗೆ ಅವರನ್ನೆಲ್ಲ ನಲ್ಲಿ ಚರಂಡಿ ಇರುವ ಸೂರಿನಡಿಗೆ ಕರೆತಂದರು. 2020ರಲ್ಲಿ ಯುನೆಸ್ಕೊ ಆ ಸಂಸ್ಕೃತಿಯನ್ನು ಮನುಕುಲದ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ನಮ್ಮಲ್ಲೂ 2014ರಲ್ಲೇ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ, ಊರೂರಿಗೆ ವ್ಯಾಪಾರ ಸಮಿತಿ ಇರಬೇಕೆಂದು ಅದರಲ್ಲಿದೆ. ಗಾಡಿಗಳನ್ನು ಎತ್ತಿ ಇನ್ನೆಲ್ಲಿಗೋ ಸಾಗಿಸುವುದು ನನಗೆ ಬೇಕಿಲ್ಲ. ನಿಂತಲ್ಲೇ ಒಂದು ನಲ್ಲಿ, ಒಂದು ಕಸದ ಬುಟ್ಟಿ, ಮಳೆಗೊಂದು ಶೀಟು ಕೊಟ್ಟರೆ ಈ ಹುಡುಗನ ಕೈರುಚಿಗೆ ಯಾರೂ ಹೆದರಬೇಕಾಗಿಲ್ಲ.

ಗೋಬಿ ಮಂಚೂರಿಗೆ ಮಂಚೂರಿಯಾದ ಸಂಬಂಧ ಹೆಸರಿನಷ್ಟೇ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನಿ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಯಿಂದ ಮಾಡಿದ್ದನ್ನು ನಾವು ಹೂಕೋಸಿಗೆ ಇಳಿಸಿ ನಮ್ಮದು ಮಾಡಿಕೊಂಡೆವು. 2024ರ ಮಾರ್ಚಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ತಿನ್ನಲು ಯೋಗ್ಯವಾಗಿರಲಿಲ್ಲ. ನನಗೆ ಆ ದಿನ ಸಂತೋಷವಾಯಿತು. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಬ್ಯಾಡಗಿ ಮೆಣಸಿನಕಾಯಿ ನಮ್ಮ ಹಾವೇರಿಯಲ್ಲೇ ಬೆಳೆಯುವಾಗ ಪುಡಿಯ ಬಣ್ಣ ಏಕೆ ಬೇಕಿತ್ತು? ಈಗ ನಾನು ತಿನ್ನುವ ಗಾಡಿಯ ಗೋಬಿ ಇಟ್ಟಿಗೆಯ ಬಣ್ಣಕ್ಕಿದೆ. ಒಮ್ಮೆ ಕರಿದು ಆರಲು ಬಿಟ್ಟು, ಕೇಳಿದಾಗ ಮತ್ತೊಮ್ಮೆ ಜೋರು ಉರಿಯಲ್ಲಿ ಕರಿಯುತ್ತಾರೆ. ಎರಡನೆಯ ಕರಿತದಲ್ಲೇ ಹೊರಗಿನ ಪದರ ಗರಿಯಾಗುವುದು. ಡ್ರೈ ಹೇಳಿ, ಬಾಣಲೆಯಿಂದ ತಟ್ಟೆಗೆ ಬಿದ್ದ ಕೂಡಲೇ ಶುರುಮಾಡಿ.

ಹೊರಡುವಾಗ ಭಾವ ಮತ್ತೆ ಚುರುಮುರಿ ಗಾಡಿಯ ಕಡೆ ತಿರುಗಿದರು. "ನಿಮ್ಮಕ್ಕನಿಗೆ ಒಂದು ಕಟ್ಟಿಸೋಣ" ಎಂದರು. ನಾಲ್ಕು ನಿಮಿಷದ ಲೆಕ್ಕ ನಾನು ಹೇಳುವ ಮೊದಲೇ ಗಾಡಿಯವರು ಕೇಳಿಸಿಕೊಂಡರು. "ಬೇರೆ ಬೇರೆ ಕಟ್ಕೊಡ್ತೀನಿ ಸಾರ್, ಮನೇಲಿ ಕಲಸ್ಕೊಳ್ಳಿ" ಎಂದು ಪುರಿ ಒಂದು ಕವರಿಗೆ, ಖಾರ ಈರುಳ್ಳಿ ಇನ್ನೊಂದಕ್ಕೆ ಹಾಕಿ, ಟೊಮೆಟೊವನ್ನು ಹೆಚ್ಚದೆ ಇಡಿಯಾಗಿಯೇ ಕೊಟ್ಟರು. ಅರ್ಧ ನಿಂಬೆಹಣ್ಣಿಗೆ ಕಾಸು ತೆಗೆದುಕೊಳ್ಳಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ನಿಂತೇ ಕಲಸಿ, ನಿಂತೇ ತಿಂದಳು. ನಡುಮನೆಯಲ್ಲಿ ಕೂತಿದ್ದ ನಮಗೆ ಅವಳು ಅಗಿಯುವ ಸದ್ದು ಕೇಳುತ್ತಿತ್ತು.